ದೊಡ್ಡ ಗಾಡಿಯ ಸಣ್ಣ ಅಳಿಯ

ಚಂದ್ರಶಾನಿಗೆ ಸಣ್ಣದು ಎಂಬುದು ಯಾವುದೂ ಆಗಿಬರುತ್ತಿರಲಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ಕುಪ್ಪಸದ ಬಟ್ಟೆ ಅಳೆದುಕೊಡುವ ಈ ಮನುಷ್ಯ ತನ್ನ ಏಳನೇ ನಂಬರಿನ ಕಾಲಿಗೆ ಒಂಬತ್ತನೇ ನಂಬರಿನ ಚಪ್ಪಲಿ ಹಾಕುತ್ತಿದ್ದ. ಅವನು ನಿಂತ ಮೇಲೆ ಚಪ್ಪಲಿ ನಿಲ್ಲುವುದಕ್ಕೆ ಇನ್ನೊಂದು ಕ್ಷಣ ಬೇಕಾಗುತ್ತಿತ್ತು. ಎರಡು ಕೋಣೆಯ ಬಾಡಿಗೆ ಮನೆಗೆ ಕಲ್ಯಾಣ ಮಂಟಪಕ್ಕೆ ತೂಗುಹಾಕುವಂಥ ಫ್ಯಾನು ತಂದಿದ್ದ. ಅದನ್ನು ಹಚ್ಚಿದರೆ ಗೋಡೆಯ ಕ್ಯಾಲೆಂಡರು ತಾನೇ ಮಗುಚಿಕೊಂಡು ಮುಂದಿನ ತಿಂಗಳಿಗೆ ಹೋಗುತ್ತಿತ್ತು. "ಮಂದಿ ನೋಡ್ತಾರ, ದೊಡ್ಡದೇ ಇರ್ಲಿ" ಎಂಬುದು ಅವನ ಜೀವನ ಸಿದ್ಧಾಂತ.

ಈ ಸಿದ್ಧಾಂತದ ಮೂಲ ಹುಡುಕಿಕೊಂಡು ಹೊರಟರೆ ಕಮಲಾಪುರದಲ್ಲಿರುವ ಅವನ ಅತ್ತೆಯ ಮನೆ ಸಿಗುತ್ತದೆ. ಅತ್ತೆ ಕಸ್ತೂರಿಬಾಯಿಗೆ ಇಬ್ಬರು ಅಳಿಯಂದಿರು. ಹಿರಿಮಗಳ ಗಂಡ ಜಗದೇವಪ್ಪ, ಊರ ಹೊರಗೆ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದವನು, ದೊಡ್ಡ ಅಳಿಯ. ಕಿರಿಮಗಳು ಮಹಾದೇವಮ್ಮನ ಗಂಡ ಚಂದ್ರಶಾ, ಸಣ್ಣ ಅಳಿಯ. ಆ ಮನೆಯಲ್ಲಿ ಕೈ ಇರುವ ಕುರ್ಚಿ ಒಂದೇ ಒಂದಿತ್ತು. ಅಳಿಯಂದಿರು ಬಂದಾಗ ಅದು ದೊಡ್ಡ ಅಳಿಯನಿಗೆ, ಕಬ್ಬಿಣದ ಸ್ಟೂಲು ಸಣ್ಣ ಅಳಿಯನಿಗೆ. ಮದುವೆಯಾದಂದಿನಿಂದ ಈ ಪದ್ಧತಿ ತಪ್ಪಿರಲಿಲ್ಲ. ಚಂದ್ರಶಾ ಬಾಯಿಬಿಟ್ಟು ಏನೂ ಅಂದವನಲ್ಲ. ಊರಿಗೆ ಮರಳಿದ ಮೇಲೆ ಏನಾದರೊಂದು ದೊಡ್ಡ ವಸ್ತು ಕೊಂಡುಬಿಡುತ್ತಿದ್ದ, ಅಷ್ಟೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಕಸ್ತೂರಿಬಾಯಿಯ ಒಬ್ಬನೇ ಮಗ ಕಾಶಿರಾಯನಿಗೆ ಮೂವತ್ತೂ ದಾಟಿತ್ತು. ಮನೆಯಿತ್ತು, ಹೊಲವಿತ್ತು, ಎರಡು ಎಮ್ಮೆಗಳಿದ್ದವು. ಸಂಡಾಸ ಇರಲಿಲ್ಲ. ಈ ಒಂದು ಕಾರಣಕ್ಕೆ ಎರಡು ಸಂಬಂಧಗಳು ಮುರಿದುಬಿದ್ದಿದ್ದವು. ಕಸ್ತೂರಿಬಾಯಿ ಓಣಿಯವರಿಗೆ ಮಾತ್ರ "ಜಾತಕ ಕೂಡಲಿಲ್ಲ" ಎಂದು ಹೇಳಿದ್ದರು. ಮೂರನೆಯ ಹುಡುಗಿ ರೇವಮ್ಮ, ಕಲಬುರಗಿಯ ಐವಾನ್-ಎ-ಶಾಹಿಯ ಕಡೆಯವಳು. ಹೆಣ್ಣು ನೋಡಲು ಹೋದಾಗ ಎಲ್ಲರೂ ಮಂಡಕ್ಕಿಯ ಸುಸಲಾ ತಿನ್ನುತ್ತ ಕೂತಿದ್ದರೆ ಆಕೆ ತಲೆಯೆತ್ತಿ, "ನಿಮ್ಮ ಮನ್ಯಾಗ ಸಂಡಾಸ ಅದನ್ರೀ?" ಎಂದು ನೇರವಾಗಿ ಕೇಳಿದಳು. ಕಸ್ತೂರಿಬಾಯಿಗೆ ಸುಸಲಾ ನೆತ್ತಿಗೇರಿತು. ಕಾಶಿರಾಯನಿಗೆ ಹುಡುಗಿ ಅಲ್ಲೇ ಮೆಚ್ಚುಗೆಯಾಗಿಬಿಟ್ಟಳು.

ಕೊನೆಗೆ ಮಾತು ಹೀಗೆ ನಿಂತಿತು. ರೇವಮ್ಮನ ತಂದೆ ಅಮೋಘಪ್ಪ ಸೋಮವಾರ ಮಧ್ಯಾಹ್ನ ಕಮಲಾಪುರಕ್ಕೆ ಬರುತ್ತಾರೆ. ಹಿತ್ತಲಲ್ಲಿ ಗುಂಡಿಯಾದರೂ ಕಾಣಬೇಕು. ಕಂಡರೆ ಲಗ್ನದ ದಿನ ಗೊತ್ತು ಮಾಡುವುದು, ಕಾಣದಿದ್ದರೆ ಅವರ ಹುಡುಗಿ ಅವರಿಗೆ, ಇವರ ಹುಡುಗ ಇವರಿಗೆ.

ಕೂಲಿಯವರನ್ನು ಹಚ್ಚಿದರೆ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಬಂಡೆ ಹತ್ತಿತು. ಹಾರೆ ಬಾಗಿತು, ಕೂಲಿಯವರು ಹೋದರು. ಮನೆಯವರೆಲ್ಲ ಬಾಗಿಲು ಮುಚ್ಚಿಕೊಂಡು ಸಭೆ ಸೇರಿದರು.

"ನಮ್ಮ ತ್ವಾಟದ ಕಡಿ ಒಂದು ಸಣ್ಣ ಸೊಂಡಿಲ ಗಾಡಿ ಬಂದದ್ರಿ. ಟ್ರ್ಯಾಕ್ಟರೇ, ಮುಂದ ಬಕೀಟು, ಹಿಂದ ಸೊಂಡಿಲು. ಬಂಡಿಗಲ್ಲು ಒಡಿತದ. ನಾ ತರ್ತೀನಿ ಬಿಡ್ರಿ" ಎಂದ ಜಗದೇವಪ್ಪ, ಕೈ ಇರುವ ಕುರ್ಚಿಯಲ್ಲಿ ಕೂತು.

ಸ್ಟೂಲು ಕಿರ್ರೆಂದಿತು. "ಸಣ್ಣದು ಯಾಕ್ರೀ?" ಎಂದ ಚಂದ್ರಶಾ. "ಬೀಗರು ಬರಾಕತ್ತಾರ. ಮನಿ ಮಾನದ ಪ್ರಶ್ನಿ ಅದ. ನಾ ಕಲಬುರ್ಗಿಯಿಂದ ದೊಡ್ಡದೇ ತರ್ತೀನಿ!"

ಮಹಾದೇವಮ್ಮ ಗಂಡನನ್ನು ಚಿವುಟಿದಳು. ಆಡಿದ ಮಾತು ಆಗಲೇ ಬಾಯಿಂದ ಹೊರಗೆ ಬಂದಾಗಿತ್ತು.

"ಯಾವುದರೆ ತರ್ರೆಪ್ಪಾ. ಖರೆ ಓಣ್ಯಾಗ ಸಂಡಾಸ ಅನ್ನೋ ಮಾತು ಯಾರ ಬಾಯಾಗೂ ಬರಬಾರದು" ಎಂದರು ಕಸ್ತೂರಿಬಾಯಿ. "ಸೊಸಿ ಇನ್ನಾ ಹೊಸ್ತಿಲ ದಾಟಿಲ್ಲ, ಅತ್ತಿ ಆಗಲೇ ಸೋತಳು ಅಂತಾರ. ನಾ ಮತ್ತ ಆ ಕಟ್ಟಿ ಮ್ಯಾಲ ಹ್ಯಾಂಗ ಕೂಡ್ಲಿ? ಇಬ್ಬರೂ ನನ್ನ ಆಣಿ ಮಾಡ್ರಿ."

ಕಟ್ಟೆ ಎಂದರೆ ಅವರ ಮನೆಯ ಮುಂದಿನ ಪರಸಿ ಕಲ್ಲಿನ ಜಗಲಿ. ಗಂಡ ಕಟ್ಟಿಸಿಕೊಟ್ಟಿದ್ದು. ಅದರ ಮೇಲೆ ಕೂತು ಕಸ್ತೂರಿಬಾಯಿ ಓಣಿಯ ಸೊಸೆಯಂದಿರ ನಡತೆ, ಗಂಡಸರ ಗಳಿಕೆ, ಮಕ್ಕಳ ಮಾರ್ಕು ಎಲ್ಲದರ ಬಗ್ಗೆ ತೀರ್ಪು ಕೊಡುತ್ತಿದ್ದರು. ಅಂಥ ಪೀಠವನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಅಳಿಯಂದಿರಿಬ್ಬರೂ ಆಣೆ ಮಾಡಿದರು.

ಹೀಗೆ ಯಾರಿಗೂ ತಿಳಿಯದಂತೆ ಮಾಡಬೇಕಾದ ಕೆಲಸಕ್ಕೆ ಜಿಲ್ಲೆಯಲ್ಲೇ ದೊಡ್ಡದಾದ ಹಳದಿ ಗಾಡಿ ತರಲು ಚಂದ್ರಶಾ ಮೋಮಿನಪುರಕ್ಕೆ ಹೋದ.

ಅಲ್ಲಿ ಗಾಡಿ ಬಾಡಿಗೆಗೆ ಕೊಡುವ ಚಾಂದಪಾಶಾನ ಅಂಗಳದಲ್ಲಿ ಎರಡು ಗಾಡಿಗಳು ಪಕ್ಕಪಕ್ಕ ನಿಂತಿದ್ದವು. ಸಣ್ಣದರ ತಲೆ ದೊಡ್ಡದರ ಗಾಲಿಗಿಂತ ಸ್ವಲ್ಪವೇ ಮೇಲೆ ಬರುತ್ತಿತ್ತು. ಚಂದ್ರಶಾ ಸಣ್ಣದರ ಕಡೆ ನೋಡಲೇ ಇಲ್ಲ.

"ಕೆಲಸ ಏನದ ಸಾಬ್?" ಎಂದು ಚಾಂದಪಾಶಾ ಕೇಳಿದ.

ಚಂದ್ರಶಾ ಅತ್ತಿತ್ತ ನೋಡಿ ಅವನ ಕಿವಿಯಲ್ಲಿ ಹೇಳಿದ. ಆಣೆ ಓಣಿಯ ಮಟ್ಟಿಗೆ ಮಾತ್ರ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡ.

"ಅರೆ, ಅದಕ್ಕ ಛೋಟಾ ಗಾಡಿ ಸಾಕಲ್ರೀ! ಎಷ್ಟು ಆಳ ಬೇಕು?"

"ಏಳು ಫೂಟು."

"ಛೋಟಾ ಎಂಟು ಫೂಟು ತೋಡ್ತದ. ಬಡಾ ಹದಿನಾಲ್ಕು ತೋಡ್ತದ. ನೀವು ಬಾವಿ ತೋಡಸ್ತೀರೇನು?"

"ದೊಡ್ಡದೇ ಕೊಡ್ರಿ. ಅರ್ಧಾ ತೋಡಿ ನಿಂದ್ರಸ್ರಿ."

ಚಾಂದಪಾಶಾ ಚಹಾದ ಬಶಿ ಕೆಳಗಿಟ್ಟ. ಇಂಥ ಗಿರಾಕಿಗೆ ತಾಳ್ಮೆಯಿಂದ ತಿಳಿಸಬೇಕೆಂದು ಅವನಿಗೆ ಅನ್ನಿಸಿತು. "ನೋಡ್ರಿ ಸಾಬ್, ತಾಕತ್ತಿನ ಮಾತು ಒಂದೇ ಅಲ್ಲ. ಛೋಟಾ ಐದು ಫೂಟು ಜಾಗಾದಾಗ ಹೋಗ್ತದ, ಮನಿ ಅಂಗಳದಾಗ ತಿರುಗ್ತದ. ಬಡಾಕ್ಕ ಹೋಗಾಕ ಎಂಟು ಫೂಟು ಬೇಕು. ತೋಡಾಕ ನಿಂತ್ರ ಎರಡೂ ಬಾಜೂಕ ಕಾಲು ಬಿಡ್ತದ, ಆವಾಗ ಇನ್ನೂ ಜಾಸ್ತಿ. ನಿಮ್ಮ ಓಣಿ ಅಗಲ ಎಷ್ಟದ?"

"ಅಗಲಕ್ಕೇನ್ರೀ? ನನ್ನ ಲಗ್ನದ ಮೆರವಣಿಗಿ ಅದೇ ಓಣ್ಯಾಗ ಹೋಗ್ಯದ. ನಡುವ ಅಂಬಾಸಿಡರ್ ಕಾರು, ಆ ಕಡಿ ಬ್ಯಾಂಡಿನವರು, ಈ ಕಡಿ ಗ್ಯಾಸಬತ್ತಿ ಹೊತ್ತವರು. ಇನ್ನಾ ಕುಣಿಯಾಕ ಜಾಗಾ ಉಳಿದಿತ್ತು!"

ಮದುಮಗನಾಗಿ ಕಾರಿನಲ್ಲಿ ಕೂತು ನೋಡಿದಾಗ ಓಣಿ ಯಾರಿಗಾದರೂ ಅಗಲವಾಗಿಯೇ ಕಾಣುತ್ತದೆ. ಅದಲ್ಲದೆ ಆ ಮೆರವಣಿಗೆ ನಡೆದು ಹದಿನಾರು ವರ್ಷವಾಗಿತ್ತು. ಈ ಹದಿನಾರು ವರ್ಷಗಳಲ್ಲಿ ಓಣಿಯ ಪ್ರತಿ ಮನೆಯೂ ಒಂದೊಂದು ಕಟ್ಟೆಯನ್ನು, ಕಟ್ಟೆಯ ಮುಂದೆ ಮೆಟ್ಟಿಲನ್ನು, ಮೆಟ್ಟಿಲ ಮೇಲೆ ತಗಡಿನ ನೆರಳನ್ನು ಮುಂದಕ್ಕೆ ಚಾಚಿತ್ತು. ಆ ಓಣಿಯಲ್ಲಿ ಬಾರಿ ಬಾರಿ ನಡೆದರೂ ಚಂದ್ರಶಾನ ಕಣ್ಣಿಗೆ ಇದು ಬಿದ್ದಿರಲಿಲ್ಲ. ಓಣಿಗೆ ಕಾಲಿಟ್ಟ ಕೂಡಲೇ ಅವನಿಗೆ ಸ್ಟೂಲಿನ ನೆನಪು ಬರುತ್ತಿತ್ತು.

ಸೋಮವಾರ ಬೆಳಿಗ್ಗೆ ಡ್ರೈವರ್ ಶಬ್ಬೀರನ ಪಕ್ಕದಲ್ಲಿ ನಿಂತುಕೊಂಡು ಚಂದ್ರಶಾ ಹುಮನಾಬಾದ್ ರಸ್ತೆ ಹಿಡಿದ. ಅಂಗಡಿಯಿಂದ ಕಬ್ಬಿಣದ ಮೀಟರ್ ಪಟ್ಟಿಯನ್ನೂ ತಂದಿದ್ದ. ಗುಂಡಿಯ ಆಳ ತಾನೇ ಅಳೆದು ಬೀಗರಿಗೆ ತೋರಿಸಬೇಕೆಂಬುದು ಅವನ ಆಸೆ. ಮಹಾಗಾಂವ ಕ್ರಾಸಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತು ಗಾಡಿ ನೋಡಿದರು. ಚಂದ್ರಶಾ ಅವರಿಗೆ ಕೈ ಬೀಸಿದ. ಇಷ್ಟು ಎತ್ತರದಲ್ಲಿ ನಿಂತು ಅವನು ಕಮಲಾಪುರಕ್ಕೆ ಹಿಂದೆಂದೂ ಹೋಗಿರಲಿಲ್ಲ, ಆದ್ದರಿಂದ ದಾರಿಯುದ್ದಕ್ಕೂ ನಗುತ್ತಲೇ ಇದ್ದ.

ನಗು ಓಣಿಯ ಬಾಯಲ್ಲಿ ನಿಂತಿತು, ಯಾಕೆಂದರೆ ಗಾಡಿಯೂ ಅಲ್ಲೇ ನಿಂತಿತು. ಬಲಗಡೆ ಕಿರಾಣಿ ಅಂಗಡಿ ದೌಲಪ್ಪನ ಕಟ್ಟೆ, ಎಡಗಡೆ ಅಕ್ಬರಿ ಬೇಗಂಳ ಮನೆಯ ಮೆಟ್ಟಿಲು. ನಡುವೆ ಒಂದು ಎಮ್ಮೆ ಆರಾಮಾಗಿ ನಿಂತಿತ್ತು.

"ಸಾಬ್, ಇದು ನಿಮ್ಮ ಮೆರವಣಿಗಿ ಓಣಿ ಹೌದಲ್ರೀ?" ಎಂದ ಶಬ್ಬೀರ್.

"ಹೌದು... ಮುಂದ ಅಗಲ ಅದ."

"ಮುಂದ ಹೋಗೋದು ಹ್ಯಾಂಗ್ರಿ?"

ಶಬ್ಬೀರ್ ಕೆಳಗಿಳಿದು ಸೀಮೆಸುಣ್ಣ ತೆಗೆದ. ಚಂದ್ರಶಾ ಮೀಟರ್ ಪಟ್ಟಿ ಹಿಡಿದ. ಗಾಡಿ ಹೋಗಲು ಎಲ್ಲೆಲ್ಲಿ ಎಷ್ಟು ಜಾಗ ಸಾಲದು ಎಂದು ಇಬ್ಬರೂ ಅಳೆಯುತ್ತ, ಪ್ರತಿ ಕಟ್ಟೆಯ ಮೇಲೆ ಒಂದೊಂದು ಬಿಳಿ ಗೆರೆ ಎಳೆಯುತ್ತ ಓಣಿಯ ಒಳಗೆ ನಡೆದರು. ಇದು ಅವರ ಲೆಕ್ಕಕ್ಕೆ ಮಾತ್ರ. ಆದರೆ ಓಣಿಯ ಬಾಯಲ್ಲಿ ಕೆಡವುವ ಗಾಡಿ, ಓಣಿಯ ಒಳಗೆ ಅಳತೆಪಟ್ಟಿ, ಕಟ್ಟೆಯ ಮೇಲೆ ಸುಣ್ಣದ ಗೆರೆ! ಇದನ್ನು ಕಂಡ ಯಾವ ಊರಿಗೂ ಬೇರೆ ಅರ್ಥ ಹೊಳೆಯಲಾರದು.

ದೌಲಪ್ಪ ತಕ್ಕಡಿ ಬಿಟ್ಟು ಓಡಿಬಂದ. ಅವನು ಪಂಚಾಯ್ತಿ ಮೆಂಬರು ಬೇರೆ. "ಅಳಿಯಂದ್ರ, ಏನ್ ನಡಿಸೀರಿ ಇದು?"

ಚಂದ್ರಶಾನಿಗೆ ಅತ್ತೆಯ ಆಣೆ ನೆನಪಾಯಿತು. "ಏನೂ ಕೇಳಬ್ಯಾಡ್ರಿ ದೌಲಪ್ಪನವರ. ನಾ ಹೇಳೋ ಹಂಗಿಲ್ಲ."

"ಹೇಳೋ ಹಂಗಿಲ್ಲ?" ದೌಲಪ್ಪನ ಮುಖ ಬಿಳಿಚಿತು. "ಅಷ್ಟು ಮ್ಯಾಲಿನವರ ಕೆಲಸ ಏನು? ನಾ ಮೆಂಬರ್, ನನಗೂ ತಿಳಿಸಿಲ್ಲ!"

"ತಿಳಿಸಬಾರದು ಅಂತ ಕಟ್ಟಪ್ಪಣಿ ಆಗ್ಯದ್ರಿ."

"ಯಾವಾಗ?"

"ಇವತ್ತೇ. ಮಧ್ಯಾಹ್ನದೊಳಗ ಮುಗಿಬೇಕು" ಎಂದ ಚಂದ್ರಶಾ, ಬೀಗರು ಬರುವ ಹೊತ್ತು ನೆನೆದು ಬೆವರು ಒರೆಸಿಕೊಳ್ಳುತ್ತ. ಅವನ ಬೆವರು ಕಂಡು ದೌಲಪ್ಪನೂ ಬೆವತ.

ಮುಂದಿನದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನಡೆಯಿತು. ರಸ್ತೆ ಅಗಲ ಮಾಡುವ ಗಾಡಿ ಬಂತೆಂಬ ಸುದ್ದಿ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಿ, ಅಲ್ಲಿ ಇಡೀ ಓಣಿಯನ್ನೇ ಕೆಡವುತ್ತಾರೆ ಎಂದಾಗಿ ತಿರುಗಿ ಬಂತು. ಗಾಡಿಯ ಬಕೆಟ್ಟು ತಾಗಿದರೆ ಪರಸಿ ಕಲ್ಲು ಚೂರುಚೂರಾಗುತ್ತದೆ, ತಾವೇ ಎಬ್ಬಿಸಿದರೆ ಕಲ್ಲಾದರೂ ಇಡಿಯಾಗಿ ಉಳಿಯುತ್ತದೆ. ಇದು ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಚಾರ. ಮನೆಮನೆಯಿಂದ ಹಾರೆಗಳು ಹೊರಬಿದ್ದವು. ಹೊಲಕ್ಕೆ ಹೋಗಿದ್ದವರು ಓಡಿಬಂದರು. ಮೂರು ತಲೆಮಾರಿನಿಂದ ಮಾತು ಬಿಟ್ಟಿದ್ದ ಎರಡು ಮನೆಯವರು ಒಂದೇ ಕಲ್ಲಿನ ಎರಡು ತುದಿ ಹಿಡಿದು "ಹುಷಾರ್, ಹುಷಾರ್" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ದೌಲಪ್ಪ ಮೆಂಬರು ಎಲ್ಲರಿಗಿಂತ ಚುರುಕು. ಹೇಗೂ ಹೋಗುವ ಕಟ್ಟೆಯನ್ನು ಹೆಸರು ಬರುವಂತೆ ಕಳೆದುಕೊಳ್ಳುವುದು ಲೇಸೆಂದು ತನ್ನದನ್ನೇ ಮೊದಲು ಕೀಳಿಸಿದ. ಆಮೇಲೆ ಸಕ್ಕರೆ ಚೀಲದ ಮೇಲೆ ಹತ್ತಿ ನಿಂತು ಭಾಷಣ ಶುರು ಮಾಡಿದ. "ಓಣಿ ಮಂದಿ, ಕೇಳ್ರಿ! ಈ ರಸ್ತಾ ಅಗಲ ಆಗಬೇಕಂತ ನಾ ಎಷ್ಟು ವರ್ಷದಿಂದ ಹೊಡದಾಡಾಕತ್ತೀನಿ! ಇವತ್ತ ನನ್ನ ಸ್ವಂತ ಕಟ್ಟಿ ಊರಿಗೆ ಕೊಟ್ಟೀನಿ. ಇನ್ನ ಮ್ಯಾಲ ಈ ಓಣ್ಯಾಗ ಯಾರರೆ ಕಟ್ಟಿ ಕಟ್ಟಿದ್ರ ಮೊದಲು ನನ್ನ ದಾಟಿ ಹೋಗಬೇಕು!" ಜನ ಚಪ್ಪಾಳೆ ತಟ್ಟಿದರು. ಅವನ ಹೆಂಡತಿ ದುಂಡಮ್ಮ ಮಾತ್ರ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು.

ಚಂದ್ರಶಾನಿಗೆ ಇದರ ತಲೆಬುಡ ತಿಳಿಯಲಿಲ್ಲ. ತನ್ನ ಗಾಡಿಗೆ ದಾರಿ ಸಾಲದೆಂದು ಕಂಡು ಇಡೀ ಓಣಿ ತನ್ನ ಕಟ್ಟೆಗಳನ್ನೇ ಕಿತ್ತುಕೊಡುತ್ತಿದೆಯಲ್ಲ! ಅಳಿಯನಿಗೆ ಇಷ್ಟು ಮರ್ಯಾದೆ ಕೊಡುವ ಊರು ಎಲ್ಲಿದೆ? "ಇಷ್ಟು ಯಾಕ ತ್ರಾಸ ತಗೊಂತೀರಿ, ಇರ್ಲಿ ಬಿಡ್ರಿ" ಎಂದು ಎಲ್ಲರಿಗೂ ಕೈ ಮುಗಿಯುತ್ತ ನಡೆದ. ಜನ ಅವನನ್ನು ಕಣ್ಣಲ್ಲೇ ಸುಟ್ಟರು.

ಶಬ್ಬೀರ್ ಗಾಡಿಯನ್ನು ಅಂಗುಲ ಅಂಗುಲ ಮುಂದೆ ತಂದ. ಹಿಂದೆ ಇಡೀ ಓಣಿ ಬಂತು. ಕಸ್ತೂರಿಬಾಯಿಯ ಮನೆಯ ಮುಂದೆ ಗಾಡಿ ಮತ್ತೆ ನಿಂತಿತು, ಯಾಕೆಂದರೆ ಓಣಿಯಲ್ಲೇ ಹೆಚ್ಚು ಮುಂದೆ ಚಾಚಿದ್ದು ಅವರ ಕಟ್ಟೆ. ಅದರ ನಡುಮಧ್ಯದಲ್ಲಿ ಕಸ್ತೂರಿಬಾಯಿ ಕಾಲು ಮಡಚಿ ಕೂತಿದ್ದರು.

"ಅತ್ತಿಯವರ, ಸ್ವಲ್ಪ ಏಳ್ರಿ" ಎಂದ ಚಂದ್ರಶಾ ಮೆಲ್ಲಗೆ.

"ನನ್ನ ಗಂಡ ಕಟ್ಟಿಸಿದ್ದು ಇದು. ಏಳೂದಿಲ್ಲ."

"ನಮ್ಮದೆಲ್ಲ ಹೋಗ್ಯಾವ!" ಎಂದು ಗುಂಪು ಕೂಗಿತು. "ನಿಮ್ಮ ಅಳಿಯ ಅಂತ ನಿಮ್ಮದು ಉಳಿಬೇಕೇನು? ಇದ್ಯಾವ ನ್ಯಾಯಾ?"

ಸರಿಯಾಗಿ ಈ ಗಳಿಗೆಗೆ ಅಮೋಘಪ್ಪನವರ ಜೀಪು ಬಂದು ನಿಂತಿತು. ಅವರು ಇಳಿದು ನೋಡಿದರು. ಬೀಗರಾಗಬೇಕಾದವರ ಮನೆಗೆ ಮುಖ ಮಾಡಿ ದೊಡ್ಡ ಗಾಡಿ, ಸುತ್ತಲೂ ಕಿತ್ತ ಕಲ್ಲಿನ ರಾಶಿ, ಬೊಬ್ಬೆ ಹೊಡೆಯುವ ಜನ, ಮನೆಯ ಮುಂದೆ ಅಡ್ಡ ಕೂತ ಬೀಗಿತಿ. ಅವರು ಇಳಿದಷ್ಟೇ ಬೇಗ ಮತ್ತೆ ಜೀಪು ಹತ್ತಿದರು.

"ಸಂಡಾಸಿನ ಮಾತು ಹಾಳಾಗಿ ಹೋಗ್ಲಿ! ಇವರಿಗೆ ಮನೀನೇ ಉಳಿಯೂ ಹಂಗ ಕಾಣವಲ್ದು. ನಮ್ಮ ಹುಡುಗಿನ ಎಲ್ಲಿ ಇಡ್ತಾರ? ನಡಿ ಡ್ರೈವರ್, ತಿರುಗಸು!"

ಕಾಶಿರಾಯ ಓಡಿಹೋಗಿ ಜೀಪಿನ ಬಾಗಿಲು ಹಿಡಿದುಕೊಂಡ. ತಾಯಿಯ ಕಡೆ ತಿರುಗಿ ನೋಡಿದ. ಕಸ್ತೂರಿಬಾಯಿ ಮಗನ ಮುಖ ನೋಡಿದರು. ಈ ಜೀಪು ಹೋದರೆ ನಾಲ್ಕನೇ ಜೀಪು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಅವರು ಕಟ್ಟೆಯ ಮೇಲೆ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಓಣಿಯ ಎರಡೂ ತುದಿಗೆ ಕೇಳುವಂತೆ ಕೂಗಿದರು.

"ಯಾರ ಮನೀನೂ ಕೆಡವಾಕ ಬಂದಿಲ್ಲ ಈ ಗಾಡಿ! ನಮ್ಮ ಮನಿ ಸಂಡಾಸದ ಗುಂಡಿ ತೋಡಾಕ ಬಂದದ! ಸಂಡಾಸ! ಕೇಳಸ್ತೇನು ಎಲ್ಲಾರಿಗೂ? ಸೊಸಿ ಕೇಳ್ಯಾಳ, ನಾ ಕಟ್ಟಸಾಕತ್ತೀನಿ!"

ಕೈಯಲ್ಲಿದ್ದ ಕಲ್ಲುಗಳನ್ನು ಜನ ಮೆಲ್ಲಗೆ ಕೆಳಗಿಟ್ಟರು. ಎಲ್ಲರೂ ಒಟ್ಟಿಗೆ ಚಂದ್ರಶಾನ ಕಡೆ ತಿರುಗಿದರು. ಊರು ತನಗೆ ಕೊಟ್ಟ ಮರ್ಯಾದೆಯ ನಿಜವಾದ ಕಾರಣ ಅವನಿಗೆ ಆಗ ಹೊಳೆಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ, ಚಪ್ಪಲಿ ಅಲ್ಲೇ ಉಳಿಯಿತು.

"ಹಂಗಾದ್ರ ನಮ್ಮ ಕಟ್ಟಿ?" ಎಂದ ದೌಲಪ್ಪ ಕ್ಷೀಣ ದನಿಯಲ್ಲಿ.

ಮೊದಲು ನಕ್ಕದ್ದು ಅಕ್ಬರಿ ಬೇಗಂ. ಮೆಟ್ಟಿಲು ಕಳೆದುಕೊಂಡಿದ್ದ ಆಕೆ ನಗುವುದನ್ನು ನಿಲ್ಲಿಸಲಾರದೆ ಕಲ್ಲಿನ ರಾಶಿಯ ಮೇಲೆ ಕೂತುಬಿಟ್ಟಳು. "ಅಯ್ಯೋ ಅಲ್ಲಾ! ಕಸ್ತೂರಿಬಾಯಿ, ಇಷ್ಟಕ್ಕ ಇಷ್ಟು ಗುಟ್ಟು ಏನು? ಬೆಳಗ ಹರಿಯೂ ಮೊದಲ ತಂಬಗಿ ಹಿಡಕೊಂಡು ನಾವು ನೀವು ಕೂಡೇ ಹೋಗಾಂಗಿಲ್ಲೇನು? ಗಾಡಿ ಬಂದದಲ್ಲ, ನಮ್ಮ ಮನ್ಯಾಗೂ ಒಂದು ತೋಡಸು!"

"ನಮ್ಮ ಮನ್ಯಾಗೂ!" ಎಂದು ಇನ್ನೊಬ್ಬಳು ಕೂಗಿದಳು. "ನಮ್ಮದೂ!" ಎಂದಳು ಮತ್ತೊಬ್ಬಳು. ಹೆಂಗಸರೆಲ್ಲ ಗಾಡಿಯನ್ನು ಸುತ್ತುವರಿದರು. ಶಬ್ಬೀರ್ ಹೆದರಿ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡ.

"ಅದೆಲ್ಲಾ ಆಮೇಲೆ. ಮೊದಲು ನಮ್ಮ ಕಟ್ಟಿ ತಿರುಗಿ ಕಟ್ಟೋಣು" ಎಂದು ದೌಲಪ್ಪ ಶುರುಮಾಡಿದ. ದುಂಡಮ್ಮ ಬಾಗಿಲಿಂದ ಇಳಿದು ಬಂದಳು. "ಕಟ್ಟಿ ಕಟ್ಟಾವರು ಮೊದಲು ನಿಮ್ಮನ್ನ ದಾಟಿ ಹೋಗಬೇಕಂತ ಈಗಷ್ಟೇ ಚೀಲದ ಮ್ಯಾಲ ನಿಂತು ಹೇಳೀರಲ್ಲ! ಆ ಪರಸಿಲೇನೇ ನನಗ ಸಂಡಾಸ ಕಟ್ಟಸ್ರಿ. ಇಲ್ಲಂದ್ರ ನಾ ನಿಮ್ಮನ್ನ ದಾಟಿ ತವರಿಗೆ ಹೋಗ್ತೀನಿ!" ಮೆಂಬರರ ಭಾಷಣ ಅಲ್ಲಿಗೆ ಮುಗಿಯಿತು.

ಅಮೋಘಪ್ಪನವರು ಜೀಪಿನಿಂದ ಮತ್ತೆ ಇಳಿದರು. "ಬೀಗಿತಿಯವರ, ಮಾತೇನೋ ಛಲೋ ಆಡಿದ್ರಿ. ಗುಂಡಿ ಎಲ್ಲದ?"

ಕಸ್ತೂರಿಬಾಯಿ ಕಟ್ಟೆಯಿಂದ ಇಳಿದರು. ಅದರ ಕಲ್ಲನ್ನು ಒಮ್ಮೆ ಕೈಯಿಂದ ಸವರಿ, "ತಗಿರಿ ಇದನ್ನ" ಎಂದರು. ಕಣ್ಣಲ್ಲಿ ನೀರಿತ್ತು. ಕಟ್ಟೆ ಹೋಯಿತು, ಗಾಡಿ ಬಾಗಿಲಿಗೆ ಬಂತು. ಈಗ ತೋಡುವುದಷ್ಟೇ ಬಾಕಿ. ಆಗ ಶಬ್ಬೀರ್ ಕ್ಯಾಬಿನ್ನಿನಿಂದ ತಲೆ ಹೊರಹಾಕಿ ಕೇಳಿದ, "ಸಾಬ್, ಹಿತ್ತಲಕ್ಕ ಯಾ ಕಡಿಂದ ಹೋಗಬೇಕ್ರಿ?"

ಹಿತ್ತಲು ಮನೆಯ ಹಿಂದೆ ಇತ್ತು. ಹಿತ್ತಲುಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಮನೆಯ ಪಕ್ಕದಲ್ಲಿ ಎಮ್ಮೆ ಹೋಗುವ ಸಂದಿಯೊಂದಿತ್ತು, ಆರು ಫೂಟು ಅಗಲ. ಇಡೀ ಓಣಿಯನ್ನು ಅಳೆದಿದ್ದ ಚಂದ್ರಶಾ ಅದೊಂದನ್ನು ಅಳೆದಿರಲಿಲ್ಲ. ಅವನ ಕೈಯಿಂದ ಮೀಟರ್ ಪಟ್ಟಿ ಜಾರಿ ಠಣ್ ಎಂದು ಬಿತ್ತು. ಕಾಶಿರಾಯನ ಕಣ್ಣು ತುಂಬಿ ಬಂತು. ತನ್ನ ದೊಡ್ಡಸ್ತಿಕೆಯಿಂದ ಮೈದುನನ ಲಗ್ನ ಕೆಡುತ್ತದಲ್ಲ ಎಂದು ಚಂದ್ರಶಾನಿಗೆ ನಿಜವಾಗಿ ದುಃಖವಾಯಿತು.

ಆಗ ಓಣಿಯ ಬಾಯಿಂದ ಟುಕು ಟುಕು ಸದ್ದು ಕೇಳಿಸಿತು. ಸಣ್ಣ ಸೊಂಡಿಲ ಗಾಡಿ ಬರುತ್ತಿತ್ತು. ಅದರ ಮೇಲೆ ಜಗದೇವಪ್ಪ ಕೂತಿದ್ದ.

"ಮುಂಜಾನಿಂದ ತ್ವಾಟದಾಗ ತಯಾರ ಇಟ್ಟಿದ್ದೆ" ಎಂದ ಅವನು, ಷಡ್ಡಕನ ಮುಖ ನೋಡದೆ. "ಹದಿನಾರು ವರ್ಷದಿಂದ ಇವರ ಚಪ್ಪಲಿ ನೋಡಾಕತ್ತೀನ್ರಿ."

ಸಣ್ಣ ಗಾಡಿ ದೊಡ್ಡದರ ಪಕ್ಕದಿಂದ ನುಸುಳಿ, ಎಮ್ಮೆ ಸಂದಿಗೆ ಹೊಕ್ಕು, ಹಿತ್ತಲಲ್ಲಿ ತಿರುಗಿ, ಸೊಂಡಿಲು ಎತ್ತಿತು. ಬಂಡೆಗೆ ಮೊದಲ ಏಟು ಬಿದ್ದಾಗ ಓಣಿಗೆ ಓಣಿಯೇ ಶಿಳ್ಳೆ ಹೊಡೆಯಿತು. ಸಂಜೆಯೊಳಗೆ ಚಂದ್ರಶಾ ಗುಂಡಿಗಿಳಿದು ಅಳೆದು "ಏಳು ಫೂಟು!" ಎಂದು ಕೂಗಿದ. ಅಮೋಘಪ್ಪನವರು ಬಗ್ಗಿ ನೋಡಿ, ಲಗ್ನದ ದಿನ ಹೇಳಿ, ಹೋಳಿಗೆ ಉಂಡು ಹೋದರು.

"ಖರೇ ಹೇಳಬೇಕಂದ್ರ" ಎಂದು ಜಗದೇವಪ್ಪ ಊಟದ ಹೊತ್ತಿಗೆ ನಕ್ಕ, "ನನ್ನ ಸಣ್ಣದಕ್ಕ ಒಂದ್ ಕಟ್ಟೀನೂ ಕೀಳೋ ಜರೂರಿ ಇರಲಿಲ್ಲ."

"ಕಟ್ಟಿ ಕೀಳಲಿಲ್ಲಂದ್ರ ಇಷ್ಟು ಸಂಡಾಸಕ್ಕ ಪರಸಿ ಎಲ್ಲಿಂದ ಬರ್ತಿತ್ತು?" ಎಂದು ಅಕ್ಬರಿ ಬೇಗಂ ಬಾಗಿಲಿಂದಲೇ ಚಂದ್ರಶಾನ ಪರ ನಿಂತಳು.

ಅದೂ ನಿಜವೇ. ಅಂದು ದೊಡ್ಡ ಗಾಡಿ ಒಂದು ಬೊಗಸೆ ಮಣ್ಣನ್ನೂ ಎತ್ತಲಿಲ್ಲ. ಸುಮ್ಮನೆ ನಿಂತುಕೊಂಡೇ ಓಣಿಯನ್ನು ಅಗಲ ಮಾಡಿ, ತಿರುಗಲು ಜಾಗವಿಲ್ಲದೆ ಹಿಂದೆ ಹಿಂದೆ ಚಲಿಸುತ್ತ ಹೊರಗೆ ಹೋಯಿತು. "ಬರ್ಲಿ, ಬರ್ಲಿ" ಎಂದು ಚಂದ್ರಶಾ ಉದ್ದಕ್ಕೂ ಕೈಸನ್ನೆ ಮಾಡಿದ. ಸಣ್ಣ ಗಾಡಿ ಮಾತ್ರ ಆ ವಾರವಿಡೀ ಹಿತ್ತಲಿಂದ ಹಿತ್ತಲಿಗೆ ಓಡಾಡಿತು.

ಸಂಡಾಸಿಗೆ ಬಾಗಿಲು ತರುವ ಕೆಲಸ ಚಂದ್ರಶಾನೇ ಹಟ ಮಾಡಿ ವಹಿಸಿಕೊಂಡ. ಸೂಪರ್ ಮಾರ್ಕೆಟ್ಟಿನಿಂದ ಬಂದ ಬಾಗಿಲು ಮನೆಯ ತಲಬಾಗಿಲಿಗಿಂತ ಎತ್ತರವಿತ್ತು. ಗೌಂಡಿ ತಲೆ ಕೆರೆದುಕೊಂಡು, ಬಾಗಿಲಿಗೆ ತಕ್ಕಂತೆ ಗೋಡೆ ಎತ್ತರಿಸಿ, ಗೋಡೆಗೆ ತಕ್ಕಂತೆ ಕೋಣೆ ಅಗಲಿಸಿದ. ಹೀಗಾಗಿ ಕಸ್ತೂರಿಬಾಯಿಯ ಮನೆಯಲ್ಲಿ ಅಡುಗೆಮನೆಗಿಂತ ಸಂಡಾಸ ದೊಡ್ಡದಾಯಿತು. ಹಳೆಯ ಕಟ್ಟೆಯ ಕಲ್ಲುಗಳೇ ಅದರ ನೆಲಕ್ಕೆ ಹೋದವು.

ಲಗ್ನದ ದಿನ ಮದುಮಕ್ಕಳ ಕಾರು ಓಣಿಯ ನಡುವೆ ನೇರ ಮನೆ ಬಾಗಿಲಿಗೆ ಬಂತು. ಆ ಕಡೆ ಬ್ಯಾಂಡು, ಈ ಕಡೆ ಗ್ಯಾಸಬತ್ತಿ, ಕುಣಿಯಲು ಜಾಗವೂ ಇತ್ತು. ರೇವಮ್ಮ ಅಕ್ಕಿಯ ಸೇರು ಒದ್ದು ಒಳಗೆ ಬಂದಳು. ಕಸ್ತೂರಿಬಾಯಿ ಸೊಸೆಯ ಕೈ ಹಿಡಿದು, ದೇವರ ಮನೆಗೆ ಹೋಗುವ ಮೊದಲೇ ಹಿತ್ತಲಿಗೆ ಕರೆದುಕೊಂಡು ಹೋದರು. ಹೋಗುವಾಗ ಓಣಿಯ ಕಡೆ ತಿರುಗಿ, "ಬರ್ರೇ ಎಲ್ಲಾರೂ, ನಮ್ಮ ಸಂಡಾಸ ನೋಡಾಕ!" ಎಂದು ಕೂಗಿ ಕರೆದರು.

ಅಮೋಘಪ್ಪನವರು ಆ ಬಾಗಿಲನ್ನು ಕತ್ತೆತ್ತಿ ನೋಡಿದರು. "ಇದನ್ನ ತಂದಾವರು ನಿಮ್ಮ ದೊಡ್ಡ ಅಳಿಯಂದ್ರೇನ್ರಿ?"

"ಅಲ್ರಿ, ಸಣ್ಣಾಂವ" ಎಂದರು ಕಸ್ತೂರಿಬಾಯಿ. ಒಂದು ಗಳಿಗೆ ಯೋಚಿಸಿದರು. ಆಮೇಲೆ ತಾವೇ ಒಳಗೆ ಹೋಗಿ ಕೈ ಇರುವ ಕುರ್ಚಿ ಎತ್ತಿಕೊಂಡು ಬಂದು, ಚಪ್ಪರದ ನಡುವೆ ಇಟ್ಟು, "ಕೂಡ್ರಿ ಚಂದ್ರಶಾ" ಎಂದರು. ಜಗದೇವಪ್ಪ ಆಗಲೇ ಸ್ಟೂಲಿನ ಮೇಲೆ ಕೂತು ನಗುತ್ತಿದ್ದ.

ಚಂದ್ರಶಾ ಮೆಲ್ಲಗೆ ಕೂತ. ಕುರ್ಚಿಯ ಎರಡೂ ಕೈಗಳ ಮೇಲೆ ಒಟ್ಟಿಗೆ ತನ್ನ ಕೈ ಇಡಲು ನೋಡಿದ, ಎಟುಕಲಿಲ್ಲ. ಕುರ್ಚಿ ಅವನಿಗೆ ಎರಡು ನಂಬರು ದೊಡ್ಡದಿತ್ತು. ಅವನಿಗೆ ಅದು ಹೇಳಿ ಮಾಡಿಸಿದಂತಿತ್ತು.